ತಪ್ಪು ಮಾಡುವ ಹಕ್ಕು: ಅಡವಿಯ ಮೇಲೆ ಹಾರಲು ಕಲಿತವರನ್ನು ಓದುತ್ತ

ಕಳೆದ ವರ್ಷ ನಾನು ಓದಿದ ಒಳ್ಳೆಯ ಗದ್ಯದಲ್ಲಿ ಒಂದು ಸರ್ಕಾರಿ ಕೈಪಿಡಿಯೂ ಸೇರಿದೆ. ಅಮೆರಿಕದ ವಿಮಾನಯಾನ ಇಲಾಖೆ 2004ರಲ್ಲಿ ಹೊರತಂದದ್ದು. ನೀರಿನ ಮೇಲಿಂದ ಏರಿ ನೀರಿನ ಮೇಲೆಯೇ ಇಳಿಯುವ ವಿಮಾನಗಳನ್ನು ನಡೆಸಲು ಕಲಿಯುವವರಿಗಾಗಿ ಬರೆದದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ನಾನು ಅದನ್ನು ಮೊಬೈಲಿನಲ್ಲಿ ಇಳಿಸಿಕೊಂಡು, ಕೊಟ್ಟೂರು ಕೆರೆಯ ಏರಿಯ ಮೇಲೆ ಕೂತು, ಮೂರು ಸಂಜೆಗಳಲ್ಲಿ ಓದಿದೆ. ವಿಮಾನದೊಳಗೆ ಒಮ್ಮೆಯೂ ಕಾಲಿಡದವಳು ಇದನ್ನೇಕೆ ಓದುತ್ತಿದ್ದಳು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಕೈಪಿಡಿಯ ಒಂದು ಭಾಗ.

ಕೆರೆಯಲ್ಲಿ ಗಾಳಿ ಪೂರ್ತಿ ನಿಂತು, ನೀರು ಕನ್ನಡಿಯಂತಾದಾಗ ಇಳಿಯುವುದು ಎಲ್ಲಕ್ಕಿಂತ ಅಪಾಯದ ಕೆಲಸವಂತೆ. ನಾವು ಅಂದುಕೊಳ್ಳುವುದು ಇದಕ್ಕೆ ತದ್ವಿರುದ್ಧ. ನೋಡುವವರಿಗೆ ಶಾಂತವಾಗಿ ಕಾಣುವ ನೀರು ಇಳಿಯುವವನಿಗೆ ಮೋಸ ಮಾಡುತ್ತದೆ. ನೀರಿನ ಮೈಯೇ ಕಾಣುವುದಿಲ್ಲ. ಕಾಣುವುದು ಆಕಾಶ, ಮೋಡ, ದಂಡೆಯ ಮರಗಳ ಬಿಂಬ. ಇನ್ನೂ ಎತ್ತರದಲ್ಲಿದ್ದೇನೆ ಅಂದುಕೊಂಡವನು ನೇರವಾಗಿ ನೀರಿಗೆ ಬಡಿಯುತ್ತಾನೆ. ನೀರು ಬಂತು ಅಂದುಕೊಂಡು ಮೂಗು ಎತ್ತಿದವನು ಹತ್ತಾರು ಅಡಿ ಮೇಲೆಯೇ ವೇಗ ಕಳೆದುಕೊಂಡು ಕಲ್ಲಿನಂತೆ ಬೀಳುತ್ತಾನೆ. ಹಾಗಾಗಿ ಕಲಿಸುವವರು ಹೇಳುವುದು ಇಷ್ಟೇ: ದಂಡೆಯ ಪಕ್ಕದಲ್ಲೇ ಬಾ, ಎತ್ತರ ಅಳೆಯಲು ಮರ ಗಿಡ ಕಣ್ಣಿಗೆ ಸಿಗುತ್ತಿರಲಿ. ವಿಮಾನದ ಮೂಗನ್ನು ಇಳಿಯುವ ಭಂಗಿಯಲ್ಲಿ ನಿಲ್ಲಿಸು, ಎಂಜಿನ್ನಿಗೆ ಸ್ವಲ್ಪ ಶಕ್ತಿ ಕೊಡು, ನಿಮಿಷಕ್ಕೆ 150 ಅಡಿಗಿಂತ ಹೆಚ್ಚು ಇಳಿಯದಂತೆ ನೋಡಿಕೋ. ಆಮೇಲೆ ಏನೂ ಮಾಡಬೇಡ. ನೀರು ತಾನಾಗಿ ಬಂದು ತಾಗುವವರೆಗೆ ಕಾಯಿ.

ಈ ಮಾತನ್ನು ಕೈಪಿಡಿ ಯಾವ ಅಲಂಕಾರವೂ ಇಲ್ಲದೆ ಹೇಳುತ್ತದೆ. ಅಲ್ಲಿ ಸಾಹಸಿ ಇಲ್ಲ, ಆತ್ಮಕಥೆ ಇಲ್ಲ, ಸೂರ್ಯಾಸ್ತವಂತೂ ಇಲ್ಲವೇ ಇಲ್ಲ. ಕಣ್ಣು ಸುಳ್ಳು ಹೇಳುವ ಒಂದು ಕ್ಷಣ, ಆ ಕ್ಷಣದಲ್ಲಿ ಕೈ ಏನು ಮಾಡಬೇಕೆಂಬ ವಿವರ, ಇವಿಷ್ಟೇ. ಕಾಣುವುದರ ಬಗ್ಗೆ ಬರೆಯುವವರು ನಮ್ಮಲ್ಲಿ ಬಹಳ. ಕಂಡದ್ದನ್ನು ಯಾವಾಗ ನಂಬಬಾರದು ಎಂದು ಇಷ್ಟು ಖಚಿತವಾಗಿ ಬರೆದದ್ದನ್ನು ನಾನು ಹೆಚ್ಚು ಓದಿಲ್ಲ.

ಈಗ ಕಾರಣ. ನನ್ನ ಸಂಶೋಧನೆ ಕನ್ನಡದ ಪ್ರವಾಸ ಕಥನಗಳ ಮೇಲೆ. ಅದರಲ್ಲಿ ವಾಹನಗಳ ಬಗ್ಗೆ ಒಂದು ಅಧ್ಯಾಯವಿದೆ: ಚಕ್ಕಡಿ, ರೈಲು, ಹಡಗು, ವಿಮಾನ. ಚಕ್ಕಡಿಗೂ ರೈಲಿಗೂ ಬೇಕಾದಷ್ಟು ಸಾಮಗ್ರಿ ಸಿಕ್ಕಿತು. ಹಡಗಿಗೆ ಗೋಕಾಕರ 'ಸಮುದ್ರದಾಚೆಯಿಂದ' ಇದೆ. ವಿಮಾನಕ್ಕೆ ಬಂದಾಗ ಟಿಪ್ಪಣಿ ಪುಸ್ತಕ ಖಾಲಿಯೇ ಉಳಿಯಿತು. ಸ್ವಾತಂತ್ರ್ಯಾನಂತರ ಯುರೋಪು, ಅಮೆರಿಕಕ್ಕೆ ಹೋಗಿಬಂದವರ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ, ಆದರೆ ಅವುಗಳಲ್ಲಿ ಬಹುಪಾಲಿಗೆ ವಿಮಾನವೆಂದರೆ ಒಂದು ಬಾಗಿಲು ಮಾತ್ರ. ಈ ಕಡೆ ಹತ್ತಿದರು, ಆ ಕಡೆ ಇಳಿದರು. ನಡುವೆ ಕಿಟಕಿ, ಮೋಡ, ಗಗನಸಖಿ, ಊಟದ ತಟ್ಟೆ. ಬರೆದವರನ್ನು ದೂರಬೇಕಿಲ್ಲ. ಅವರು ಕೂತದ್ದೇ ಕಿಟಕಿಯ ಸೀಟಿನಲ್ಲಿ.

ಈ ಕಿಟಕಿಯ ಸೀಟಿನ ಪರಂಪರೆ ಹಳೆಯದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಕಾಳಿದಾಸ ರಾಮ ಸೀತೆಯರನ್ನು ಪುಷ್ಪಕದಲ್ಲಿ ಕೂರಿಸಿ ಲಂಕೆಯಿಂದ ಅಯೋಧ್ಯೆಗೆ ಕರೆತರುತ್ತಾನೆ. ಕೆಳಗೆ ಕಡಲು, ದಂಡಕಾರಣ್ಯ, ಚಿತ್ರಕೂಟ, ಗಂಗೆ ಯಮುನೆಯರ ಸಂಗಮ. ರಾಮ ಒಂದೊಂದನ್ನೇ ತೋರಿಸುತ್ತ ಹೋಗುತ್ತಾನೆ. ಜಗತ್ತಿನ ಸಾಹಿತ್ಯದಲ್ಲಿ ಮೇಲಿನಿಂದ ನೆಲವನ್ನು ಕಂಡ ಬರವಣಿಗೆಗಳ ಪಟ್ಟಿ ಮಾಡಿದರೆ ಇದು ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಆದರೆ ಪುಷ್ಪಕ ಕೂತವರ ಮನಸ್ಸಿನಂತೆ ಸಾಗುವ ವಾಹನ. ಅದನ್ನು ಯಾರೂ ಕಲಿಯಬೇಕಿಲ್ಲ. ಅದಕ್ಕೆ ಗಾಳಿಯ ದಿಕ್ಕು ಬೇಡ, ಇಳಿಯಲು ಬಯಲು ಬೇಡ. (ವೈಮಾನಿಕ ಶಾಸ್ತ್ರದ ಕಡೆಗೆ ನಾನು ಹೋಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲೇ ಅದನ್ನು ಕೂಲಂಕಷವಾಗಿ ನೋಡಿ, ಅದು ಪ್ರಾಚೀನವೂ ಅಲ್ಲ, ಅದರ ವಿಮಾನಗಳು ಹಾರುವಂಥವೂ ಅಲ್ಲ ಎಂದು ಬರೆದು ಮುಗಿಸಿದ್ದಾರೆ.)

ಹಾರಲು ಕಲಿಯುವ ಕಥೆ ನಮ್ಮ ಪರಂಪರೆಯಲ್ಲಿ ಇಲ್ಲವೇ? ಒಂದಿದೆ, ಅದು ಜೈನರದು. ಅಂಜನಚೋರನ ಕಥೆ. ಕತ್ತಲ ರಾತ್ರಿ, ಮರದ ಕೊಂಬೆಗೆ ಹಗ್ಗಗಳಿಂದ ಕಟ್ಟಿದ ನೆಲುವು, ಕೆಳಗೆ ಮೊನೆ ಮೇಲಾಗಿ ನೆಟ್ಟ ಆಯುಧಗಳು. ನೆಲುವಿನ ಮೇಲೆ ಕೂತು ಮಂತ್ರ ಹೇಳುತ್ತ ಹಗ್ಗಗಳನ್ನು ಕತ್ತರಿಸಿದರೆ ಆಕಾಶಗಾಮಿನಿ ವಿದ್ಯೆ ಒಲಿಯುತ್ತದೆ. ಸಾಧಿಸಲು ಬಂದವನು ಹತ್ತುತ್ತಾನೆ, ಕೆಳಗಿನ ಆಯುಧ ನೋಡಿ ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಕಾವಲುಗಾರರಿಂದ ತಪ್ಪಿಸಿಕೊಂಡು ಬಂದ ಕಳ್ಳ ಅವನಿಂದ ಮಂತ್ರ ಕೇಳಿಕೊಂಡು, ಅನುಮಾನವೇ ಪಡದೆ ಎಲ್ಲ ಹಗ್ಗಗಳನ್ನೂ ಒಮ್ಮೆಲೇ ಕತ್ತರಿಸಿ ಹಾರಿಹೋಗುತ್ತಾನೆ. ನಿಶ್ಶಂಕೆ ಎಂಬ ಗುಣಕ್ಕೆ ದೃಷ್ಟಾಂತವಾಗಿ ಹೇಳುವ ಕಥೆ ಇದು. ನಮ್ಮ ಪಕ್ಕದ ಕೋಗಳಿ ಒಂದು ಕಾಲಕ್ಕೆ ಜೈನರ ಕೇಂದ್ರವಾಗಿತ್ತು. ಈ ಸೀಮೆಯಲ್ಲಿ ಇಂಥ ಕಥೆ ಕೇಳಿದ ಕಿವಿಗಳು ಇದ್ದೇ ಇರುತ್ತವೆ. ನನಗೆ ಮಾತ್ರ ಈ ಕಥೆಯಲ್ಲಿ ಇಷ್ಟವಾಗುವವನು ಹತ್ತಿ ಇಳಿದು ಮಾಡುವ ಆ ಮೊದಲನೆಯವನು. ಕೈಪಿಡಿ ಬರೆದವರು ಅವನ ಪಕ್ಷ. ಪ್ರತಿ ಹಗ್ಗವನ್ನೂ ಎಳೆದು ನೋಡು, ಆಯುಧ ಎಲ್ಲಿದೆ ಎಂದು ಮೊದಲೇ ಗುರುತಿಟ್ಟುಕೋ ಎನ್ನುತ್ತಾರೆ ಅವರು. ಆದರೆ ಕನ್ನಡಿಯಂಥ ನೀರಿನ ಮೇಲೆ ಇಳಿಯುವಾಗ ಅವರೂ ಕಳ್ಳನ ಪಕ್ಷಕ್ಕೆ ಬರುತ್ತಾರೆ: ಇನ್ನು ಕಣ್ಣನ್ನು ಕೇಳಬೇಡ, ಕಾಯಿ.

ಇತ್ತೀಚಿನ ಕಾಲಕ್ಕೆ ಬಂದರೆ, ವಿಮಾನದ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡೇನಲ್ಲ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಯಿತು. ಆಗ ರಿಪೇರಿಗೆ ಬರುತ್ತಿದ್ದ ವಿಮಾನಗಳಲ್ಲಿ ಕ್ಯಾಟಲಿನಾ ಎಂಬವೂ ಇದ್ದವು. ದೋಣಿಯಂಥ ಹೊಟ್ಟೆಯಿದ್ದು, ಆ ಹೊಟ್ಟೆಯ ಮೇಲೆಯೇ ತೇಲುವ ದೊಡ್ಡ ವಿಮಾನಗಳು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಈಗ ನೊರೆ ಉಕ್ಕುವ, ಬೆಂಕಿ ಹತ್ತುವ ಸುದ್ದಿಗಷ್ಟೇ ಹೆಸರಾದ ಅದೇ ಬೆಳ್ಳಂದೂರು. ಆ ದಿನಗಳಲ್ಲಿ ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು, ದನಕ್ಕೆ ನೀರು ಕುಡಿಸುತ್ತಿದ್ದವರು ಆಕಾಶದಿಂದ ದೋಣಿ ಇಳಿಯುವುದನ್ನು ನೋಡಿರಬೇಕು. ನನ್ನ ಸಂಶೋಧನೆಯ ಪುಸ್ತಕಪಟ್ಟಿಯಲ್ಲಿ ಅವರ ಒಂದು ಸಾಲೂ ಇಲ್ಲ.

ಅದೇ ಕಾರ್ಖಾನೆ 1958ರಲ್ಲಿ ಎರಡು ಸೀಟಿನ ಒಂದು ಪುಟ್ಟ ವಿಮಾನ ಹಾರಿಸಿತು. ಕಬ್ಬಿಣದ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಎಂಜಿನ್, ತಲೆಯ ಮೇಲೆ ರೆಕ್ಕೆ. ಅಲಾಸ್ಕ, ಕೆನಡಾಗಳ ಕಾಡುಮೇಡುಗಳಲ್ಲಿ ಹಾರುವ 'ಬುಷ್ ಪ್ಲೇನ್'ಗಳ ಹತ್ತಿರದ ನೆಂಟ ಅದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಅದರಲ್ಲೇ ಹಾರಲು ಕಲಿತರು. ಹೆಸರಿಟ್ಟದ್ದು ಪುಷ್ಪಕ್. ಮನಸ್ಸಿನಂತೆ ಹಾರುವ ವಾಹನದ ಹೆಸರನ್ನು, ಕೈ ಕಾಲು ಕಣ್ಣು ಮೂರನ್ನೂ ದುಡಿಸಿದರೆ ಮಾತ್ರ ಹಾರುವ ಒಂದು ಬಟ್ಟೆಯ ವಿಮಾನಕ್ಕೆ ಇಟ್ಟವರ ಹಾಸ್ಯಪ್ರಜ್ಞೆ ಮೆಚ್ಚಬೇಕು. ಅವರಿಗೆ ಅದು ಹಾಸ್ಯವಾಗಿ ಕಂಡಿರಲಿಕ್ಕಿಲ್ಲ, ಬೇರೆ ಮಾತು.

ಕನ್ನಡದಲ್ಲಿ ವಿಮಾನದ ಹೆಸರು ಹೇಳಿದರೆ ಓದುಗರಿಗೆ ತಟ್ಟನೆ ನೆನಪಾಗುವುದು ಕ್ಯಾಪ್ಟನ್ ಗೋಪಿನಾಥರ ಆತ್ಮಕಥೆ 'ಬಾನಯಾನ'. ಗೊರೂರಿನ ಹುಡುಗ ಸೈನ್ಯ, ರೇಷ್ಮೆ ಕೃಷಿ, ಹೆಲಿಕಾಪ್ಟರ್ ಕಂಪನಿ ದಾಟಿ 2003ರಲ್ಲಿ ಏರ್ ಡೆಕ್ಕನ್ ಕಟ್ಟಿದ ಕಥೆ ಅದು. ಜನಸಾಮಾನ್ಯರನ್ನು ಕಿಟಕಿಯ ಸೀಟಿಗೆ ತಂದ ಕಥೆ. ಅದರ ಹಿರಿಮೆ ಅಲ್ಲೇ ಇದೆ. ಅವರ ಹೆಸರಿನ ಹಿಂದಿನ 'ಕ್ಯಾಪ್ಟನ್' ಸೈನ್ಯದ್ದು, ಕಾಕ್‌ಪಿಟ್ಟಿನದ್ದಲ್ಲ. ಕಿಟಕಿಯ ಸೀಟು ಅಗ್ಗವಾಯಿತು, ಕಲಿಯುವ ಸೀಟಿನ ಪುಸ್ತಕ ಮಾತ್ರ ಬರಲಿಲ್ಲ.

ಹಾಗಾಗಿ ನಾನು ಹೊರಗಿನವರನ್ನು ಓದತೊಡಗಿದೆ. ಕೈಪಿಡಿ ಓದಿದ ಮೇಲೆ ಇಬ್ಬರು: ಫ್ರಾನ್ಸಿನ ಆಂಟ್ವಾನ್ ದ ಸೇಂತ್ ಎಕ್ಸುಪೆರಿ, ಕೀನ್ಯಾದಲ್ಲಿ ಬೆಳೆದ ಇಂಗ್ಲಿಷ್ ಹೆಣ್ಣುಮಗಳು ಬೆರಿಲ್ ಮಾರ್ಕಮ್. ಎಕ್ಸುಪೆರಿಯನ್ನು ನಾವು 'ಪುಟ್ಟ ರಾಜಕುಮಾರ'ನಿಂದ ಬಲ್ಲೆವು. 1939ರಲ್ಲಿ ಬಂದ ಅವನ 'ಮನುಷ್ಯರ ಭೂಮಿ' (ಇಂಗ್ಲಿಷಿನಲ್ಲಿ 'ವಿಂಡ್, ಸ್ಯಾಂಡ್ ಅಂಡ್ ಸ್ಟಾರ್ಸ್') ಅಂಚೆ ಹೊತ್ತು ಹಾರುತ್ತಿದ್ದವರ ಕಥೆ. ಮಾರ್ಕಮ್ಮಳ 'ವೆಸ್ಟ್ ವಿತ್ ದ ನೈಟ್' ಬಂದದ್ದು 1942ರಲ್ಲಿ.

ಎಕ್ಸುಪೆರಿಯ ಪುಸ್ತಕದ ಮೊದಲ ಅಧ್ಯಾಯದಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಪಾಠವಿದೆ. 1926. ಮೊದಲ ಸಲ ಸ್ಪೇನ್ ದೇಶದ ಮೇಲೆ ಅಂಚೆ ಒಯ್ಯಬೇಕಾದ ಹಿಂದಿನ ರಾತ್ರಿ ಅವನು ಅನುಭವಿ ಗೆಳೆಯ ಗಿಯೋಮೆಯ ಬಳಿ ಹೋಗುತ್ತಾನೆ. ಇಬ್ಬರೂ ದೀಪದ ಕೆಳಗೆ ನಕ್ಷೆ ಹರಡುತ್ತಾರೆ. ಗಿಯೋಮೆ ದೊಡ್ಡ ಊರುಗಳ ಬಗ್ಗೆ, ಜನಸಂಖ್ಯೆಯ ಬಗ್ಗೆ ಮಾತನಾಡುವುದಿಲ್ಲ. ಒಂದು ಊರಿನ ಹೊಲದ ಅಂಚಿನ ಮೂರು ಕಿತ್ತಳೆ ಗಿಡಗಳ ಬಗ್ಗೆ ಎಚ್ಚರವಿರಲಿ ಎನ್ನುತ್ತಾನೆ. ತುರ್ತಿಗೆ ಇಳಿಯಲು ಚೆನ್ನಾಗಿ ಕಾಣುವ ಒಂದು ಬಯಲಿನ ಹುಲ್ಲಿನೊಳಗೆ ಸಣ್ಣ ಹಳ್ಳವೊಂದು ಅಡಗಿದೆ, ಅದು ವಿಮಾನವನ್ನು ಮಗುಚುತ್ತದೆ. ಇನ್ನೊಂದು ಇಳಿಜಾರಿನಲ್ಲಿ ಮೂವತ್ತು ಕುರಿಗಳಿವೆ, ಚಕ್ರಕ್ಕೆ ಅಡ್ಡ ನುಗ್ಗಬಹುದು. ಎಲ್ಲೋ ಗುಡ್ಡದ ಮೇಲೆ ಒಬ್ಬ ರೈತ, ಅವನ ಹೆಂಡತಿ. ದೀಪಸ್ತಂಭದವರಂತೆ ಆಪತ್ತಿನಲ್ಲಿ ನೆರವಿಗೆ ಬರುವವರು. ಎಕ್ಸುಪೆರಿ ಅವೆಲ್ಲವನ್ನೂ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳುತ್ತಾನೆ, ಭೂಗೋಳದ ಪಂಡಿತರು ಬಿಟ್ಟ ರೈತನನ್ನೂ ಕುರಿಗಳನ್ನೂ ಸೇರಿಸಿ.

ಕುರಿಗಳು ವಿಮಾನಕ್ಕೆ ಆಪತ್ತು! ನಮ್ಮ ಕಡೆಯ ಕುರಿಗಾರರಿಗೆ ಇದನ್ನು ಹೇಳಿದರೆ ಅವರು ಮೊದಲು ಕುರಿಗಳ ಪರವಾಗಿ ಕೇಳುತ್ತಾರೆ.

ಇಲ್ಲಿ ಒಂದು ಮಾತಿನ ಬಗ್ಗೆ ಹೇಳಬೇಕು. ಇಂಥ ಪುಸ್ತಕಗಳಲ್ಲಿ ಪದೇಪದೇ ಬರುವ 'ಬುಷ್', 'ವೈಲ್ಡರ್‌ನೆಸ್' ಎಂಬ ಪದಗಳನ್ನು ಕನ್ನಡಕ್ಕೆ ತರುವಾಗ ಕೈಗೆ ಮೊದಲು ಸಿಗುವುದು 'ಅಡವಿ'. ನಿಘಂಟಿನ ಪ್ರಕಾರ ಅಡವಿ ಎಂದರೆ ಕಾಡು. ಆದರೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಕಡೆ ಮನೆ ಬಾಗಿಲಿಗೆ ಬಂದು "ಅಪ್ಪ ಎಲ್ಲಿ?" ಎಂದು ಕೇಳಿದರೆ, "ಅಡವಿಗೆ ಹೋಗ್ಯಾನ" ಎಂಬ ಉತ್ತರ ಬರುತ್ತದೆ. ಅವನು ಹೋಗಿರುವುದು ಹೊಲಕ್ಕೆ. ಶೇಂಗಾ ಕೀಳಲು, ಜೋಳಕ್ಕೆ ನೀರು ಕಟ್ಟಲು, ಇಲ್ಲವೇ ಸುಮ್ಮನೆ ಬದುವಿನ ಮೇಲೆ ನಿಂತು ಮೋಡ ನೋಡಲು. ನಮ್ಮ ನುಡಿಯಲ್ಲಿ ಅಡವಿ ಎಂದರೆ ಊರಿನ ಆಚೆಗಿನ ದುಡಿಮೆಯ ಜಾಗ. ಯಾರೂ ಇಲ್ಲದ ಜಾಗಕ್ಕೆ ನಮ್ಮಲ್ಲಿ ಬೇರೆ ಮಾತೇ ಬೇಕು, 'ಬಯಲು' ಎನ್ನಲೂ ಆಗುವುದಿಲ್ಲ, ಅಲ್ಲಿ ಆಟ ನಡೆದಿರುತ್ತದೆ. ಈ ಅಡವಿಯಿಂದ ನೋಡಿದರೆ ವಿಮಾನ ಸಾಹಿತ್ಯದ 'ವೈಲ್ಡರ್‌ನೆಸ್' ಒಂದು ವಿಚಿತ್ರ ಕಲ್ಪನೆಯಾಗಿ ಕಾಣುತ್ತದೆ. ಅಲಾಸ್ಕದ ಬಹುಪಾಲು ಹಳ್ಳಿಗಳಿಗೆ ರಸ್ತೆಯಿಲ್ಲ. ಅಲ್ಲಿನ ಮೂಲನಿವಾಸಿಗಳಿಗೆ ಈ ಪುಟ್ಟ ವಿಮಾನ ನಮ್ಮ ಟ್ರ್ಯಾಕ್ಸ್, ಟಂಟಂ ಇದ್ದ ಹಾಗೆ. ಕಿರಾಣಿ, ಔಷಧಿ, ಬಸುರಿ ಹೆಂಗಸರು, ಅಂಚೆ ಎಲ್ಲ ಅದರಲ್ಲೇ. ಆದರೂ ಹಾರಲು ಕಲಿತು ಬಂದವರು ಬರೆಯುವ ಪುಸ್ತಕಗಳ ಮುಖಪುಟದಲ್ಲಿ ಒಂದು ಸರೋವರ, ಒಂದು ವಿಮಾನ, ಮನುಷ್ಯರ ಸುಳಿವಿಲ್ಲ.

ಎಕ್ಸುಪೆರಿ ಆ ಒಂದು ಪಾಠದಲ್ಲಿ ಇದನ್ನು ಮೀರುತ್ತಾನೆ. ಗಿಯೋಮೆ ಅವನಿಗೆ ಕಲಿಸುವುದು ಕೊಟ್ಟೂರಿನ ಅರ್ಥದ ಅಡವಿಯನ್ನೇ: ಗಿಡ, ಹಳ್ಳ, ಕುರಿ, ಒಕ್ಕಲು ಮನೆ. ನನ್ನ ತಕರಾರು ಇರುವುದು ಮುಂದಿನ ಅಧ್ಯಾಯಗಳ ಬಗ್ಗೆ. ಪುಸ್ತಕ ಬೆಳೆದಂತೆ ಆ ರೈತ ಕರಗಿ 'ಮನುಷ್ಯ' ಎಂಬ ತತ್ವವಾಗುತ್ತಾನೆ. ಮರಳುಗಾಡಿನಲ್ಲಿ ನೀರಡಿಸಿ ಸಾಯುತ್ತಿದ್ದ ಅವನನ್ನೂ ಅವನ ಸಂಗಾತಿಯನ್ನೂ ಒಬ್ಬ ಬೆದೂಯಿನ್ ಉಳಿಸುತ್ತಾನೆ. ಆ ಬೆದೂಯಿನನ ಮುಖ ಮರೆತುಹೋಗುತ್ತದೆ, ಅವನಲ್ಲಿ ಎಲ್ಲ ಮನುಷ್ಯರೂ ಕಾಣುತ್ತಾರೆ ಎಂದು ಲೇಖಕ ಭಾವುಕನಾಗುತ್ತಾನೆ. ಓದಲು ಚೆಂದ. ನೀರು ಕುಡಿಸಿದವನ ಮುಖವನ್ನು ಮರೆಯುವುದು ಉದಾತ್ತತೆ ಎಂದು ನನಗೆ ಅನಿಸಲಿಲ್ಲ.

ಮಾರ್ಕಮ್ ಬೇರೆ ಥರ. ಅವಳ ಬರಹದಲ್ಲಿ ತತ್ವ ಕಡಿಮೆ, ಮೈ ಹೆಚ್ಚು. (ಈ ಪುಸ್ತಕ ಅವಳೇ ಬರೆದದ್ದೋ, ಅವಳ ಮೂರನೆಯ ಗಂಡ ಬರೆದದ್ದೋ ಎಂಬ ಜಗಳವೊಂದು ಇದೆ. ಹೆಣ್ಣು ಒಳ್ಳೆಯ ಪುಸ್ತಕ ಬರೆದರೆ ಗಂಡನನ್ನು ಹುಡುಕುವುದು ಎಲ್ಲ ದೇಶಗಳ ವಿಮರ್ಶೆಗೂ ಇರುವ ಚಾಳಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.) ನೈರೋಬಿಯಲ್ಲಿ ಟಾಮ್ ಕ್ಯಾಂಪ್‌ಬೆಲ್ ಬ್ಲ್ಯಾಕ್ ಅವಳಿಗೆ ಜಿಪ್ಸಿ ಮಾತ್ ವಿಮಾನದಲ್ಲಿ ಹಾರುವುದನ್ನು ಕಲಿಸುತ್ತಾನೆ. ಒಂದು ದಿನ ಅವಳು ಗುಡ್ಡಗಳ ಕಡೆ ವಿಮಾನ ತಿರುಗಿಸುತ್ತಾಳೆ. ಗುಡ್ಡ ಹತ್ತಿರವಾದಂತೆ ವಿಮಾನ ಏರುವುದನ್ನು ನಿಲ್ಲಿಸಿ ಕುಸಿಯತೊಡಗುತ್ತದೆ. ಮೂತಿ ಎತ್ತಿದರೂ ಎಂಜಿನ್ನಿಗೆ ಪೂರ್ತಿ ಕೊಟ್ಟರೂ ಪ್ರಯೋಜನವಿಲ್ಲ, ಬಂಡೆಗಳು ಕಣ್ಣೆದುರಿಗೆ ಬರುತ್ತವೆ. ಗುರು ಸುಮ್ಮನೆ ಕೂತಿರುತ್ತಾನೆ. ಕೊನೆಯ ಗಳಿಗೆಯಲ್ಲಿ ತಾನು ಹಿಡಿದು ವಿಮಾನ ತಿರುಗಿಸುತ್ತಾನೆ. ಆಮೇಲೆ ವಿವರಿಸುತ್ತಾನೆ: ಗುಡ್ಡದ ಮೇಲಿಂದ ಕೆಳಕ್ಕೆ ಸುರಿಯುವ ಗಾಳಿ ಅದು. ಮೊದಲೇ ಎಚ್ಚರಿಸಬಹುದಿತ್ತು, ಆದರೆ ತಪ್ಪು ಮಾಡುವ ನಿನ್ನ ಹಕ್ಕನ್ನು ಕಸಿದುಕೊಳ್ಳಬಾರದಲ್ಲ ಎಂಬುದು ಅವನ ಮಾತಿನ ಸಾರ.

ನಾನು ಅಲ್ಲಿ ಪುಸ್ತಕ ಮುಚ್ಚಿಟ್ಟೆ.

ಪಿಯುಸಿಯಲ್ಲಿ ನಾನು ವಿಜ್ಞಾನ ತಗೊಂಡಿದ್ದೆ. ಕಾರಣ ಯಾರಿಗೂ ಹೇಳಿರಲಿಲ್ಲ. ವಿಮಾನ ನಡೆಸುವ ಲೈಸೆನ್ಸಿಗೆ ಭೌತಶಾಸ್ತ್ರ, ಗಣಿತ ಓದಿರಬೇಕು, 200 ಗಂಟೆ ಹಾರಿರಬೇಕು ಎಂದು ಎಲ್ಲೋ ಓದಿದ್ದೆ. ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ ಎಂಬುದನ್ನು ಓದಿರಲಿಲ್ಲ. ಮೊದಲ ವರ್ಷವೇ ಫಿಸಿಕ್ಸ್ ಹೋಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ. "ಆರ್ಟ್ಸ್ ತಗೋ, ಬಿಎಡ್ ಮಾಡು" ಎಂದರು, ತಂಗಿಯ ಓದು ಇನ್ನೂ ಬಾಕಿ ಇತ್ತು. ಅದು ನನ್ನ ಪಾಲಿಗೆ ಬಂದ ಒಂದೇ ತಪ್ಪು, ಖರ್ಚಾಗಿ ಹೋಯಿತು. ಹೀಗಾಗಿ ಟಾಮ್ ಬ್ಲ್ಯಾಕನ ಮಾತು ನನಗೆ ಗುರುವಿನ ಔದಾರ್ಯವಾಗಿ ಕಾಣುವ ಮೊದಲು ಒಂದು ವರ್ಗದ ಸವಲತ್ತಾಗಿ ಕಂಡಿತು. ತಪ್ಪು ಮಾಡುವ ಹಕ್ಕು ಬೇಕಾದರೆ ಕೆಳಗೆ ಎರಡನೆಯ ವಿಮಾನ ಇರಬೇಕು, ಎರಡನೆಯ ವರ್ಷ ಇರಬೇಕು, ಕೀನ್ಯಾದಲ್ಲಿ ಬಿಳಿಯರ ಕುದುರೆ ಲಾಯ ಇರಬೇಕು.

ಇದು ಅನ್ಯಾಯದ ಓದು ಎಂದು ಯಾರಾದರೂ ಹೇಳಬಹುದು. ಆದರೆ ಇದೇ ಪುಸ್ತಕ ಅದಕ್ಕೆ ಸಾಕ್ಷಿ ಒದಗಿಸುತ್ತದೆ. ಬಾಲ್ಯದಲ್ಲಿ ಮಾರ್ಕಮ್ಮಳ ಜೊತೆ ಆಡಿ ಬೆಳೆದ ಕಿಬಿ ಎಂಬ ಹುಡುಗ ಮುಂದೆ ಅರಪ್ ರೂಟಾ ಎಂಬ ಗಂಡಸಾಗಿ ಅವಳ ಬಳಿ ಕೆಲಸಕ್ಕೆ ಬರುತ್ತಾನೆ. ಮೊದಲು ಅವಳ ಕುದುರೆಗಳನ್ನು, ನಂತರ ವಿಮಾನವನ್ನೂ ನೋಡಿಕೊಳ್ಳುತ್ತಾನೆ. ಹಾಡಿ ಜಾಡು ಹಿಡಿಯಲು, ಗಾಳಿ ಮೂಸಲು, ಕಾಡಿನ ಮೈ ತಿಳಿಯಲು ಬಲ್ಲವನು ಅವನು. ಪುಸ್ತಕದಲ್ಲಿ ಅವನಿಗೆ ಹಾರಲು ಯಾರೂ ಕಲಿಸುವುದಿಲ್ಲ. ಮಾರ್ಕಮ್ ಆಗಸದಿಂದ ಆನೆಗಳನ್ನು ಹುಡುಕಿ, ದಂತದ ಬೇಟೆಗೆ ಬಂದ ಶ್ರೀಮಂತರಿಗೆ ತಿಳಿಸುವ ಕೆಲಸವನ್ನೂ ಮಾಡಿದಳು. ಮೇಲಿನಿಂದ ನೆಲವನ್ನು ಓದುವ ಕಲೆ ಯಾರ ಕೈಯಲ್ಲಿದೆ ಎಂಬುದು ಕೆಳಗಿದ್ದವರಿಗೆ ಜೀವದ ಪ್ರಶ್ನೆಯಾಗುವುದು ಹೀಗೆ. ಆನೆಗಳ ಅಧ್ಯಾಯ ಪುಸ್ತಕದ ಅತ್ಯಂತ ಸೊಗಸಾದ ಅಧ್ಯಾಯಗಳಲ್ಲಿ ಒಂದು. ಎರಡೂ ನಿಜ.

ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವ ಪುಸ್ತಕ ಯಾವುದು ಎಂದು ಯೋಚಿಸಿದಾಗ, ವಿಚಿತ್ರವೆನಿಸಿದರೂ, ನನಗೆ ಹೊಳೆದದ್ದು 1980ರ 'ಕರ್ವಾಲೊ'. ತೇಜಸ್ವಿಯವರ ಈ ಕಾದಂಬರಿ ಹಾರುವ ಓತಿಯ ಹುಡುಕಾಟ ಎಂದು ಎಲ್ಲರೂ ಬಲ್ಲರು. ಆದರೆ ಅದನ್ನು ಕಲಿಕೆಯ ಕಥೆಯಾಗಿ ಓದಿ ನೋಡಿ. ಕಲಿಯುವವನು ನಿರೂಪಕ, ವಿಜ್ಞಾನಿ ಕರ್ವಾಲೊ ಗುರು, ಆದರೆ ಓತಿಯನ್ನು ಮೊದಲು ಕಂಡ ಕಣ್ಣು ಮಂದಣ್ಣನದು. ಜೇನು ಹಿಡಿಯುವ, ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣ. ಅವನೇ ನಮ್ಮ ಅರಪ್ ರೂಟಾ, ಆದರೆ ತೇಜಸ್ವಿ ಅವನನ್ನು ವಿಮಾನ ಒರೆಸಲು ನಿಲ್ಲಿಸುವುದಿಲ್ಲ. ಅವನ ನೋಟವಿಲ್ಲದೆ ಕರ್ವಾಲೊಗೆ ದಾರಿಯಿಲ್ಲ ಎಂಬುದನ್ನು ಕಥೆಯ ಕಟ್ಟಡಕ್ಕೇ ತರುತ್ತಾರೆ. ಕೊನೆಗೆ ಓತಿ ಪ್ರಪಾತದ ಅಂಚಿನಿಂದ ತೇಲಿ ಕಣ್ಮರೆಯಾಗುತ್ತದೆ. ನಮ್ಮ ಭಾಷೆಯ ಅತ್ಯುತ್ತಮ ಹಾರಾಟದಲ್ಲಿ ಮನುಷ್ಯರೆಲ್ಲ ನೆಲದ ಮೇಲೆ ನಿಂತಿದ್ದಾರೆ. ಬಾಯಿ ತೆರೆದು ನೋಡುತ್ತಿದ್ದಾರೆ. ನಾನು ಇದನ್ನು ಮೊದಲು ಕೊರತೆ ಎಂದು ಬರೆದುಕೊಂಡಿದ್ದೆ. ಈಗ ಆ ಸಾಲನ್ನು ಹೊಡೆದುಹಾಕಿದ್ದೇನೆ. ಬದಲಿಗೆ ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಒಂದು ಅಪಾಯದ ಬಗ್ಗೆ ನನಗೆ ಅರಿವಿದೆ. 'ನಮ್ಮ ರೈತರೇ ನಿಜವಾದ ಪೈಲಟ್ಟುಗಳು' ಎಂದು ಬರೆಯುವುದು ಬಹಳ ಸುಲಭ, ಚಪ್ಪಾಳೆಯೂ ಬೀಳುತ್ತದೆ. ಅದು ಸುಳ್ಳು. ನಮ್ಮಪ್ಪನಿಗೆ ಹಾರಲು ಬರುವುದಿಲ್ಲ. ಆದರೆ ಕೈಪಿಡಿಯಲ್ಲಿ ಗಾಳಿಯನ್ನು ಓದುವ ಪಾಠ ಬಂದಾಗ ನನಗೆ ನೆನಪಾದದ್ದು ನಮ್ಮ ಕಣ. ನೀರಿನ ಮೇಲೆ ನಿಂತ ವಿಮಾನಕ್ಕೆ ಬ್ರೇಕ್ ಇಲ್ಲ. ಹಗ್ಗ ಬಿಚ್ಚಿದ ಕ್ಷಣದಿಂದ ಅದು ದೋಣಿ. ಗಾಳಿಗುಣಿಯಂತೆ ತಾನಾಗಿ ಗಾಳಿ ಬರುವ ಕಡೆ ಮೂತಿ ತಿರುಗಿಸುತ್ತದೆ. ಹಾಗಾಗಿ ಕಲಿಯುವವನು ಮೊದಲು ಗಾಳಿ ಎಲ್ಲಿಂದ ಎಂದು ನೀರನ್ನು ನೋಡಿ ಹೇಳಬೇಕು. ಗಾಳಿ ಬರುವ ಕಡೆಯ ದಂಡೆಯ ಕೆಳಗೆ ಒಂದು ಪಟ್ಟಿ ನೀರು ಸುಮ್ಮನಿರುತ್ತದೆ, ಅಲೆ ಶುರುವಾಗುವುದು ಅದರಾಚೆ. ಅಪ್ಪ ಜೋಳ ತೂರುವ ಮೊದಲು ಮಾಡುತ್ತಿದ್ದದ್ದೂ ಇಂಥದ್ದೇ. ಮುಕ್ಕಾಲಿಯ ಮೇಲೆ ಮೊರ ಹಿಡಿದು ನಿಂತು, ಒಂದು ಹಿಡಿ ಹೊಟ್ಟು ಬಿಟ್ಟು ನೋಡುವುದು, ಮುಕ್ಕಾಲಿಯನ್ನು ಒಂದು ಗೇಣು ತಿರುಗಿಸುವುದು, ಮತ್ತೆ ಬಿಟ್ಟು ನೋಡುವುದು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಈಗ ಅವಕಾಶವಾದಿಗಳಿಗೆ ಬಳಸುತ್ತಾರೆ. ಕಣದಲ್ಲಿ ನಿಂತವರಿಗೆ ಅದು ಗಂಟೆಗಟ್ಟಲೆ ಕಾಯುವುದರ ಬಗ್ಗೆ ಹೇಳಿದ ಮಾತು. ಈಗ ಕಣಗಳಿಲ್ಲ, ಮಿಷನ್ ಬರುತ್ತದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಗಾಳಿ ಎಲ್ಲಿಂದ ಎಂದು ಅವುಗಳ ಮುಖ ನೋಡಿದರೆ ಗೊತ್ತಾಗುತ್ತದೆ.

ಈ ಲೇಖನಕ್ಕೆಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿಬಂದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ. ನೀರೊಳಗೆ ನಿಂತ ಕರಿಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ನೀರುಕಾಗೆ. ನನಗೆ ಬೇಕಿದ್ದದ್ದು ಹಕ್ಕಿ ನೀರಿನಿಂದ ಏಳುವುದು. ಕೊಕ್ಕರೆ ಮರದಿಂದ ಸುಮ್ಮನೆ ಬಿಚ್ಚಿಕೊಂಡು ಹೋಗುತ್ತದೆ, ಅದರಲ್ಲಿ ಪಾಠವಿಲ್ಲ. ಹಣೆಯ ಮೇಲೆ ಬಿಳಿ ನಾಮವಿರುವ ನಾಮದ ಕೋಳಿ ಹಾಗಲ್ಲ. ಅದು ಗಾಳಿಗೆದುರಾಗಿ ನೀರಿನ ಮೇಲೆ ಓಡಬೇಕು, ಪಟಪಟ ಹೆಜ್ಜೆ ಹಾಕಬೇಕು, ಒದ್ದೆ ಮೈಯನ್ನು ನೀರಿನ ಹಿಡಿತದಿಂದ ಕೀಳಬೇಕು. ತೇಲುವ ವಿಮಾನವೂ ಹೀಗೇ ಏಳುವುದು. ಮೊದಲು ನೀರನ್ನು ಉಳುತ್ತ ಸಾಗುತ್ತದೆ, ವೇಗ ಸಿಕ್ಕಂತೆ ತೇಲುಗಾಲುಗಳು ನೀರಿನ ಮೇಲ್ಮೈಗೆ ಏರಿ ಜಾರತೊಡಗುತ್ತವೆ. ನೀರು ಬಿಡದೆ ಹಿಡಿದರೆ ಚಾಲಕ ಒಂದು ತೇಲುಗಾಲನ್ನು ಮೊದಲು ಎತ್ತಿ ಹಿಡಿತ ಸಡಿಲಿಸುತ್ತಾನೆ. ನಾನು ನೋಡುತ್ತಿದ್ದ ಹಕ್ಕಿ ಎರಡು ಸಲ ಓಡಿ, ಮನಸ್ಸು ಬದಲಿಸಿ, ಆಪಿನೊಳಗೆ ಹೋಗಿ ಕೂತಿತು.

ಅಲ್ಲಿಂದ ಬಂದ ರಾತ್ರಿ, ಕರೆಂಟು ಹೋಗಿದ್ದಾಗ, ಅಂಗಳದಲ್ಲಿ ಕೂತು ಅಪ್ಪನಿಗೆ ಗಿಯೋಮೆಯ ಪಾಠವನ್ನು ನನ್ನ ಮಾತಿನಲ್ಲಿ ಹೇಳಿದೆ. ನಕ್ಷೆ, ದೀಪ, ಮೂರು ಕಿತ್ತಳೆ ಗಿಡ, ಹುಲ್ಲಿನಲ್ಲಿ ಅಡಗಿದ ಹಳ್ಳ, ಮೂವತ್ತು ಕುರಿ, ಗುಡ್ಡದ ಮೇಲಿನ ಗಂಡ ಹೆಂಡತಿ. ಅಪ್ಪ ಪೂರ್ತಿ ಕೇಳಿಸಿಕೊಂಡ. ಹಳ್ಳದ ವಿಷಯ ಬಂದಾಗ "ಹೌದೌದು, ಹುಲ್ಲಾಗ ಗೊತ್ತಾಗಂಗಿಲ್ಲ, ಚಕ್ಕಡಿ ಮುಗ್ಗರಿಸತೈತಿ" ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

"ಆ ಹೊಲದಾಗ ಆ ವರ್ಷ ಏನು ಬಿತ್ತಿದ್ರು?"

ನಾನು ಮೊಬೈಲಿನ ಬೆಳಕಿನಲ್ಲಿ ಪುಟ ತಿರುವಿ ನೋಡಿದೆ. ಎಕ್ಸುಪೆರಿ ಬರೆದಿಲ್ಲ.